ಕಡೆಯ ಕೊಡದ ಬೆಲೆ: ಸ್ಟ್ಯಾನ್ಲಿ ಜೆವನ್ಸನ ಜೀವನ

ಹೊಸಕೋಟೆಯ ದೊಡ್ಡಕೆರೆಯ ಪಕ್ಕದಲ್ಲಿ ಹಾದು ಮೂಡಲಿಗೆ ನಡೆಯುವ ಹೆದ್ದಾರಿ ಕೋಲಾರದ ಸೀಮೆಯನ್ನು ಹೊಗುತ್ತದೆ. ಈ ಕಡೆ ನೀರು. ಆ ಕಡೆ, 2001ರಲ್ಲಿ ಗಣಿಗಳು ಮುಚ್ಚುವವರೆಗೂ, ಚಿನ್ನ. ಎರಡರಲ್ಲಿ ಯಾವುದಿಲ್ಲದೆ ಮನುಷ್ಯನು ಬದುಕಲಾರನೆಂದು ಕೇಳಿದರೆ ಎಳೆಯ ಮಗುವೂ ನೀರಿನ ಕಡೆಗೇ ಕೈ ತೋರಿಸೀತು. ಆದರೆ ಕೆರೆ ಕೋಡಿಬಿದ್ದ ವರ್ಷ ಒಂದು ಕೊಡ ನೀರನ್ನು ಮಾರುತ್ತೇನೆಂದು ಹೊರಟವನನ್ನು ಊರು ನಕ್ಕು ಕಳಿಸುತ್ತದೆ. ಗುಲಗಂಜಿ ತೂಕದ ಚಿನ್ನಕ್ಕಾದರೋ ಅಕ್ಕಸಾಲೆಯ ತಕ್ಕಡಿ ಕಾದು ಕುಳಿತಿರುತ್ತದೆ. ಬಾಳಿಗೆ ಬೇಕಾದದ್ದು ಅಗ್ಗ, ಇಲ್ಲದಿದ್ದರೂ ನಡೆಯುವಂಥದು ತುಟ್ಟಿ: ಈ ವೈಪರೀತ್ಯವನ್ನು ಆಡಂ ಸ್ಮಿತ್ 1776ರಲ್ಲಿ ನೀರು ಮತ್ತು ವಜ್ರಗಳನ್ನು ಎದುರುಬದುರಿಟ್ಟು ತೋರಿಸಿದ್ದನು. ಬಳಕೆಯ ಮೌಲ್ಯವೊಂದು, ವಿನಿಮಯದ ಮೌಲ್ಯವೊಂದು ಎಂದು ಎರಡು ಹೆಸರಿಟ್ಟು ಅವನು ಮುಂದೆ ನಡೆದನೇ ಹೊರತು ಗಂಟನ್ನು ಬಿಚ್ಚಲಿಲ್ಲ. ತೊಂಬತ್ತೈದು ವರ್ಷಗಳ ತರುವಾಯ ಅದನ್ನು ಬಿಚ್ಚಿದವರಲ್ಲಿ ಒಬ್ಬನು ವಿಲಿಯಂ ಸ್ಟ್ಯಾನ್ಲಿ ಜೆವನ್ಸ್. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಅವನ ನಿಯಮವನ್ನು ಬಾಯಿಪಾಠ ಮಾಡುತ್ತಾರೆ. ಅವನು ಯಾರೆಂದು ಬಲ್ಲವರು ವಿರಳ.

ಜೆವನ್ಸನು 1835ನೆಯ ಇಸವಿ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ಲಿವರ್‌ಪೂಲ್ ಪಟ್ಟಣದಲ್ಲಿ ಹನ್ನೊಂದು ಮಕ್ಕಳಲ್ಲಿ ಒಂಬತ್ತನೆಯವನಾಗಿ ಹುಟ್ಟಿದನು. ತಂದೆ ಥಾಮಸ್ ಜೆವನ್ಸ್ ಕಬ್ಬಿಣದ ವ್ಯಾಪಾರಿ, ಹೊಸ ಯಂತ್ರಗಳ ಹುಚ್ಚುಳ್ಳವನು; ಕಬ್ಬಿಣದ ದೋಣಿಯನ್ನು ಕಟ್ಟಿ ಕಡಲಿಗಿಳಿಸಿದ ಮೊದಲಿಗರಲ್ಲಿ ಅವನ ಹೆಸರೂ ಸೇರಿದೆ. ತಾಯಿ ಮೇರಿ ಆನ್, ಆ ಊರಿನ ಬ್ಯಾಂಕರನೂ ಇತಿಹಾಸಕಾರನೂ ಆಗಿದ್ದ ವಿಲಿಯಂ ರಾಸ್ಕೋನ ಮಗಳು. ಓದು, ಸಂಗೀತ, ಧರ್ಮಚರ್ಚೆ ತುಂಬಿದ ಮನೆ. ಆದರೆ ಆ ಸುಖ ಬಹುಕಾಲ ಉಳಿಯಲಿಲ್ಲ. 1845ರಲ್ಲಿ ತಾಯಿ ತೀರಿಕೊಂಡಳು. ಎರಡು ವರ್ಷಗಳಲ್ಲಿ ಹಿರಿಯ ಅಣ್ಣನಿಗೆ ಚಿತ್ತಭ್ರಮಣೆಯಾಯಿತು. 1848ರಲ್ಲಿ, ರೈಲ್ವೆಯ ಜೂಜು ಮುರಿದುಬಿದ್ದ ಹೊಡೆತಕ್ಕೆ ತಂದೆಯ ಅಂಗಡಿ ದಿವಾಳಿಯೆದ್ದಿತು. ನಿನ್ನೆಯ ಸಿರಿ ಇಂದು ಇಲ್ಲವಾಗುವುದನ್ನು ಹುಡುಗನು ಕಣ್ಣಾರೆ ಕಂಡನು. ಮುಂದೆ ವ್ಯಾಪಾರದ ಏರಿಳಿತಗಳ ಕಾರಣವನ್ನು ಅವನು ಬಿಡದೆ ಹುಡುಕಿದ್ದಕ್ಕೆ ಇಲ್ಲಿಯೇ ಬೀಜ ಬಿದ್ದಿತೆಂದು ಊಹಿಸಿದರೆ ತಪ್ಪಾಗಲಾರದು.

ಮನೆತನದವರು ಯೂನಿಟೇರಿಯನ್ ಪಂಥದವರಾದ್ದರಿಂದ ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಪದವಿ ಆಗ ಅವರಿಗೆ ಎಟುಕುವಂತಿರಲಿಲ್ಲ. ಜೆವನ್ಸನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ರಸಾಯನಶಾಸ್ತ್ರಕ್ಕೆ ಸೇರಿ ಪದಕಗಳನ್ನು ಗಳಿಸಿದನು. ಪದವಿ ಮುಗಿಯುವ ಮೊದಲೇ ಕರೆಯೊಂದು ಬಂದಿತು. ಆಸ್ಟ್ರೇಲಿಯದಲ್ಲಿ 1851ರಲ್ಲಿ ಚಿನ್ನ ಸಿಕ್ಕಿ, ಸಿಡ್ನಿಯಲ್ಲಿ ಹೊಸ ಟಂಕಸಾಲೆ ಏಳುತ್ತಿತ್ತು. ಚಿನ್ನದ ಅಪ್ಪಟತನವನ್ನು ಒರೆಹಚ್ಚಿ ನೋಡುವ ಪರೀಕ್ಷಕರು ಬೇಕಾಗಿದ್ದರು. ಹುಡುಗನಿಗೆ ಓದು ಬಿಡಲು ಮನಸ್ಸಿರಲಿಲ್ಲ; ತಂದೆಗೆ ಬೇರೆ ದಾರಿ ಇರಲಿಲ್ಲ. 1854ರ ಅಕ್ಟೋಬರಿನಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಅವನು ಸಿಡ್ನಿಯಲ್ಲಿಳಿದನು. ಮರುವರ್ಷವೇ ತಂದೆ ತೀರಿಕೊಂಡನು; ಆ ಸುದ್ದಿ ಸಮುದ್ರ ದಾಟಿ ಬಂದಿತು.

ಸಿಡ್ನಿಯ ಐದು ವರ್ಷಗಳೇ ಅವನ ನಿಜವಾದ ವಿದ್ಯಾಪೀಠವೆನ್ನಬಹುದು. ಹಗಲು ಚಿನ್ನದ ಒರೆ. ಉಳಿದ ಹೊತ್ತು ಮಳೆ, ಗಾಳಿ, ಉಷ್ಣಮಾನಗಳ ದಿನವಹಿ ಲೆಕ್ಕ, ಛಾಯಾಚಿತ್ರ, ಒಂಟಿ ತಿರುಗಾಟ. ಕಣದಷ್ಟು ಚಿನ್ನವನ್ನು ತಕ್ಕಡಿಗಿಟ್ಟು ಅದಕ್ಕಿಂತಲೂ ಕಿರಿದಾದ ವ್ಯತ್ಯಾಸವನ್ನು ಹಿಡಿಯುವುದು ಅವನ ವೃತ್ತಿ. ಇಡೀ ರಾಶಿಯನ್ನು ಬಿಟ್ಟು ಕೊನೆಯ ಕಣವನ್ನು ನೋಡುವ ದೃಷ್ಟಿ ಅಲ್ಲಿ ಅಭ್ಯಾಸವಾಗಿರಬೇಕು. 1857ರ ಸುಮಾರಿಗೆ ಅಲ್ಲಿಯ ರೈಲುಮಾರ್ಗಗಳಿಗೆ ಸರ್ಕಾರ ಎಷ್ಟು ಹಣ ಸುರಿಯಬೇಕೆಂಬ ವಾಗ್ವಾದ ಎದ್ದಾಗ ಅವನು ಪತ್ರಿಕೆಗಳಿಗೆ ಬರೆಯತೊಡಗಿದನು. ರಸಾಯನಶಾಸ್ತ್ರಿಯು ಅರ್ಥಶಾಸ್ತ್ರಿಯಾದದ್ದು ಹೀಗೆ. ಕೈತುಂಬ ಸಂಬಳದ ಆ ಹುದ್ದೆಯನ್ನು 1859ರಲ್ಲಿ ಬಿಟ್ಟು, ಬಂಧುಗಳ ಅಚ್ಚರಿಗೂ ಅಸಮಾಧಾನಕ್ಕೂ ಗುರಿಯಾಗಿ, ಮತ್ತೆ ವಿದ್ಯಾರ್ಥಿಯಾಗಿ ಲಂಡನ್ನಿಗೆ ಬಂದನು.

1860ರಲ್ಲಿ, ಇನ್ನೂ ತರಗತಿಯ ಬೆಂಚಿನ ಮೇಲಿದ್ದಾಗಲೇ, ಅವನಿಗೆ ಹೊಳೆಯಬೇಕಾದದ್ದು ಹೊಳೆಯಿತು. ಅದೇ ವರ್ಷ ಕಾಲೇಜಿನ ಅರ್ಥಶಾಸ್ತ್ರದ ಪರೀಕ್ಷೆಯಲ್ಲಿ ಅವನಿಗೆ ಮೊದಲ ಸ್ಥಾನ ಸಿಗಲಿಲ್ಲ! ಪರೀಕ್ಷೆಗಳನ್ನು ನಡೆಸುವ ನಾವೆಲ್ಲ ಆಗಾಗ ನೆನೆಯಬೇಕಾದ ಸಂಗತಿ. ಆ ಕಾಲದ ಪಂಡಿತರೆಲ್ಲ ವಸ್ತುವಿನ ಬೆಲೆಯನ್ನು ಅದಕ್ಕೆ ತಗುಲಿದ ದುಡಿಮೆ ಮತ್ತು ವೆಚ್ಚಗಳಲ್ಲಿ ಹುಡುಕುತ್ತಿದ್ದರು. ಮೌಲ್ಯದ ಸಿದ್ಧಾಂತದಲ್ಲಿ ಹೇಳಬೇಕಾದದ್ದು ಇನ್ನೇನೂ ಉಳಿದಿಲ್ಲವೆಂದು ಜಾನ್ ಸ್ಟುವರ್ಟ್ ಮಿಲ್ 1848ರಲ್ಲಿಯೇ ಸಾರಿಬಿಟ್ಟಿದ್ದನು. ಜೆವನ್ಸನು ಬೆಲೆಯನ್ನು ಹುಡುಕಿದ್ದು ಕೊಳ್ಳುವವನ ಮನಸ್ಸಿನಲ್ಲಿ.

ಅವನು ಕಂಡದ್ದನ್ನು ನಮ್ಮ ನೆಲದ ಮಾತಿನಲ್ಲಿ ಹೇಳುವುದಾದರೆ ಹೀಗೆ. ಬಿಸಿಲಿನಲ್ಲಿ ನಡೆದು ಬಂದವನ ಮುಂದೆ ದೇವನಹಳ್ಳಿಯ ಚಕ್ಕೋತದ ತೊಳೆಗಳನ್ನು ಬಿಡಿಸಿಟ್ಟಿದೆ. ಮೊದಲ ತೊಳೆ ಕೊಟ್ಟ ತೃಪ್ತಿಯನ್ನು ಹತ್ತು ಎನ್ನೋಣ. ಎರಡನೆಯದು ಎಂಟು, ಮೂರನೆಯದು ಐದು, ನಾಲ್ಕನೆಯದು ಎರಡು. ಐದನೆಯದು ಬಾಯಿಗೆ ಹೋದರೂ ಮನಸ್ಸಿಗೆ ಏನೂ ಇಲ್ಲ. ಹೀಗೆ ಕೊನೆಗೆ ಸೇರಿದ ಒಂದೊಂದು ತೊಳೆಯಿಂದ ಬರುವ ತೃಪ್ತಿಗೆ ಇಂದು ಸೀಮಾಂತ ತುಷ್ಟಿಗುಣವೆಂದು ಹೆಸರು. ಎಲ್ಲವನ್ನೂ ಕೂಡಿಸಿದರೆ ಬರುವುದು ಒಟ್ಟು ತುಷ್ಟಿಗುಣ: ಹತ್ತು, ಹದಿನೆಂಟು, ಇಪ್ಪತ್ತಮೂರು, ಇಪ್ಪತ್ತೈದು, ಮತ್ತೆ ಇಪ್ಪತ್ತೈದು. ಕೊನೆಯ ತೊಳೆಯ ತೃಪ್ತಿ ಇಳಿಯುತ್ತಿದ್ದರೂ ಒಟ್ಟು ಮೊತ್ತ ಏರುತ್ತಲೇ ಇರುತ್ತದೆ, ಆದರೆ ಏರುವ ಮೆಟ್ಟಿಲು ಕಿರಿದಾಗುತ್ತ ಹೋಗುತ್ತದೆ. ಸೀಮಾಂತವು ಸೊನ್ನೆಯನ್ನು ಮುಟ್ಟಿದಾಗ ಒಟ್ಟು ತನ್ನ ಶಿಖರದಲ್ಲಿರುತ್ತದೆ. ಉಪಚಾರಕ್ಕೆ ಸಿಕ್ಕಿ ಆರನೆಯದನ್ನೂ ನುಂಗಿದರೆ ಹಲ್ಲು ಚಳಿತು, ಒಟ್ಟು ತೃಪ್ತಿಯೇ ಇಳಿಯತೊಡಗುತ್ತದೆ. ಈ ಅಂಕಿಗಳು ತಿಳಿವಿಗಾಗಿ ಇಟ್ಟವು. ಮನಸ್ಸಿನ ತೃಪ್ತಿಯನ್ನು ಅಳೆಯುವ ಗಜಕೋಲು ತನ್ನಲ್ಲಿಲ್ಲವೆಂಬುದನ್ನು ಜೆವನ್ಸನೂ ಒಪ್ಪಿಕೊಂಡಿದ್ದನು.

ಇನ್ನು ನೀರಿನ ಗಂಟು. ದೊಡ್ಡಬಳ್ಳಾಪುರದ ಒಂದು ಮನೆಗೆ ದಿನಕ್ಕೆ ಒಂದೇ ಕೊಡ ನೀರು ದೊರೆಯುವುದಾದರೆ ಅದು ಕುಡಿಯುವುದಕ್ಕೆ. ಅದಕ್ಕಾಗಿ ಮನೆಯವಳು ಕಿವಿಯ ಓಲೆಯನ್ನಾದರೂ ಬಿಚ್ಚಿಕೊಟ್ಟಾಳು. ಎರಡನೆಯದು ಅಡಿಗೆಗೆ, ಮೂರನೆಯದು ದನಕರುಗಳಿಗೆ, ನಾಲ್ಕನೆಯದು ಮೈಗೆ, ಆಮೇಲಿನದು ಬಟ್ಟೆಗೆ, ಎಲ್ಲಕ್ಕೂ ಕಡೆಯದು ಅಂಗಳಕ್ಕೆ ಚಿಮುಕಿಸಲು. ಕೊಡಗಳೆಲ್ಲ ಒಂದೇ ಬಗೆಯವು. ಒಂದು ಉರುಳಿಹೋದರೆ ಆ ದಿನ ಅಂಗಳ ಒಣಗಿರುತ್ತದೆಯೇ ಹೊರತು ಯಾರೂ ಬಾಯಾರಿ ಸಾಯುವುದಿಲ್ಲ. ಆದಕಾರಣ ಯಾವ ಕೊಡಕ್ಕೂ ಅವಳು ಅಂಗಳದ ಕೊಡಕ್ಕಿಂತ ಹೆಚ್ಚಿನ ಬೆಲೆ ಕೊಡಳು. ನೀರಿನ ಒಟ್ಟು ತುಷ್ಟಿಗುಣ ಪ್ರಾಣದಷ್ಟು. ಅದರ ಬೆಲೆಯನ್ನು ನಿಶ್ಚಯಿಸುವುದು ಮಾತ್ರ ಕಡೆಯ ಕೊಡ. ಚಿನ್ನದ ಒಟ್ಟು ಉಪಯೋಗ ಅಲ್ಪ, ಆದರೆ ಇರುವುದೇ ಕೊಂಚವಾದ್ದರಿಂದ ಅದರ ಕಡೆಯ ಗುಂಜಿಯೂ ಬಯಕೆಯ ಎತ್ತರದಲ್ಲಿಯೇ ನಿಂತಿದೆ. ಸ್ಮಿತ್ ಕೇಳಿದ್ದು ನೀರು ದೊಡ್ಡದೋ ವಜ್ರ ದೊಡ್ಡದೋ ಎಂದು. ಕೇಳಬೇಕಾಗಿದ್ದದ್ದು ಇನ್ನೊಂದು ಕೊಡ ನೀರು, ಇನ್ನೊಂದು ಹರಳು ವಜ್ರ, ಇವುಗಳ ಮಾತು. ಕೆರೆ ಬತ್ತಿ, ಕೊಳವೆಬಾವಿ ಸೋತು, ಟ್ಯಾಂಕರಿನ ಹಾದಿ ಕಾಯುವ ಬೇಸಗೆಯಲ್ಲಿ ಅಂಗಳದ ಕೊಡ ಹೋಗಿ ಅಡಿಗೆಯ ಕೊಡವೇ ಕಡೆಯದಾಗುತ್ತದೆ. ಬೆಲೆ ಏಕೆ ಏರಿತೆಂದು ಆಗ ಯಾರೂ ಕೇಳಬೇಕಾಗಿಲ್ಲ.

ಇದರಿಂದಲೇ ಇನ್ನೊಂದು ಮಾತು ಹೊರಡುತ್ತದೆ. ನೆಲಮಂಗಲದ ಸಂತೆಗೆ ಹೋದ ಗೃಹಿಣಿ ಇದ್ದ ಹಣವನ್ನೆಲ್ಲ ಒಂದೇ ಸರಕಿಗೆ ಸುರಿಯುವುದಿಲ್ಲ. ತರಕಾರಿಗೆ, ಬೆಲ್ಲಕ್ಕೆ, ಬಳೆಗೆ ಹಂಚುತ್ತ ಪ್ರತಿಯೊಂದರಲ್ಲಿಯೂ ಕೊನೆಯ ರೂಪಾಯಿ ತರುವ ತೃಪ್ತಿ ಸರಿಸಮವಾಗುವಲ್ಲಿ ಕೈ ನಿಲ್ಲಿಸುತ್ತಾಳೆ. ಬರಹ ಬಾರದವಳೂ ಮಾಡುವ ಈ ಲೆಕ್ಕವನ್ನು ಜೆವನ್ಸನು ಚಲನಕಲನದ ಸಮೀಕರಣಗಳಲ್ಲಿ ಬರೆದನು.

ಬರೆದದ್ದನ್ನು ಕೇಳುವವರು ಬೇಕಲ್ಲ! 1862ರಲ್ಲಿ ಕೇಂಬ್ರಿಜ್‌ನಲ್ಲಿ ಸೇರಿದ್ದ ಬ್ರಿಟಿಷ್ ವಿಜ್ಞಾನ ಸಭೆಗೆ ಅವನು ಈ ಸಿದ್ಧಾಂತದ ಕಿರು ಪ್ರಬಂಧವನ್ನು ಕಳಿಸಿದನು. ಓದಿದರು, ಮರೆತರು. ಮರುವರ್ಷ ಚಿನ್ನದ ಬೆಲೆ ಕುಸಿದಿರುವುದನ್ನು ತೋರಿಸುವ ಪುಸ್ತಿಕೆಯನ್ನು ಅಚ್ಚುಹಾಕಿಸಿದನು. ಮೂವತ್ತೊಂಬತ್ತು ಮುಖ್ಯ ಸರಕುಗಳ ಬೆಲೆಗಳನ್ನು ಕಲೆಹಾಕಿ, ಕ್ಯಾಲಿಫೋರ್ನಿಯ ಮತ್ತು ಆಸ್ಟ್ರೇಲಿಯಗಳಿಂದ ಚಿನ್ನ ಹರಿದುಬಂದ ಮೇಲೆ ಅದರ ಕೊಳ್ಳುವ ಶಕ್ತಿ ಕಡಿಮೆಯೆಂದರೂ ಶೇಕಡ 9ರಷ್ಟು ಇಳಿದಿದೆಯೆಂದು ಲೆಕ್ಕ ತೆಗೆದನು. ಚಿನ್ನವೂ ಹೆಚ್ಚಿದರೆ ನೀರಿನ ಜಾತಿಗೇ ಸೇರುತ್ತದೆ ಎಂಬುದಕ್ಕೆ ಅದನ್ನು ಒರೆಹಚ್ಚುತ್ತಿದ್ದವನೇ ಸಾಕ್ಷಿಯಾದನು. ಕೀರ್ತಿ ಬಂದದ್ದು 1865ರಲ್ಲಿ, ಕಲ್ಲಿದ್ದಲಿನ ಪ್ರಶ್ನೆಯನ್ನು ಕುರಿತ ಗ್ರಂಥದಿಂದ. ಬ್ರಿಟನ್ನಿನ ಹಿರಿಮೆಯೆಲ್ಲ ನಿಂತಿರುವ ಕಲ್ಲಿದ್ದಲು ಅಗ್ಗವಾಗಿ ಸಿಗುವ ಕಾಲ ಮುಗಿಯುತ್ತದೆ. ಯಂತ್ರಗಳು ಕಡಿಮೆ ಉರಿಸುವಂತಾದರೆ ಯಂತ್ರಗಳೇ ಹೆಚ್ಚಿ ಒಟ್ಟು ಉರಿಯುವುದು ಇನ್ನೂ ಹೆಚ್ಚುತ್ತದೆ ಎಂಬುದು ಅದರ ವಾದ. ಮಿಲ್ಲನೂ ಗ್ಲಾಡ್‌ಸ್ಟನನೂ ಅದನ್ನು ಎತ್ತಿಕೊಂಡು ಮಾತನಾಡಿದರು. ಕಲ್ಲಿದ್ದಲು ಮುಗಿಯುವ ವಿಷಯದಲ್ಲಿ ಅವನ ಭಯ ಅತಿಯಾಗಿತ್ತು, ಪೆಟ್ರೋಲು ಬರುವುದನ್ನು ಅವನು ಕಾಣಲಿಲ್ಲ. ಮಿತವ್ಯಯದಿಂದ ಬಳಕೆ ಬೆಳೆಯುತ್ತದೆಂಬ ಮಾತು ಮಾತ್ರ ಇಂದಿಗೂ ಚರ್ಚೆಯಲ್ಲಿದೆ.

1866ರಲ್ಲಿ ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನಲ್ಲಿ ಪ್ರಾಧ್ಯಾಪಕನಾದನು. ಮರುವರ್ಷ ಮ್ಯಾಂಚೆಸ್ಟರ್ ಗಾರ್ಡಿಯನ್ ಪತ್ರಿಕೆಯ ಸ್ಥಾಪಕನ ಮಗಳು ಹ್ಯಾರಿಯೆಟ್ ಟೇಲರಳನ್ನು ವರಿಸಿದನು. ಪಾಠ ಹೇಳುವುದು ಅವನಿಗೆ ಶಿಕ್ಷೆಯೇ ಆಗಿತ್ತು. ಸಂಕೋಚದ ಸ್ವಭಾವ ಒಂದು ಕಡೆ. ಪರೀಕ್ಷೆಗೆ ಮಿಲ್ಲನ ಗ್ರಂಥವೇ ಪ್ರಮಾಣವಾಗಿದ್ದುದರಿಂದ, ಸುಳ್ಳೆಂದು ತಾನು ತಿಳಿದದ್ದನ್ನೇ ವಿದ್ಯಾರ್ಥಿಗಳಿಗೆ ಹೇಳಿಕೊಡಬೇಕಾದ ಸಂಕಟ ಇನ್ನೊಂದು ಕಡೆ. ಈ ಎರಡನೆಯ ಸಂಕಟವನ್ನು ಅರಿಯದ ಅಧ್ಯಾಪಕರಿದ್ದರೆ ಅವರು ಧನ್ಯರು. ತರ್ಕದ ತೀರ್ಮಾನಗಳನ್ನು ಕೀಲಿಮಣೆಯಿಂದ ಹೊರಡಿಸುವ ಒಂದು ಯಂತ್ರವನ್ನೂ ಅವನು ಈ ಕಾಲದಲ್ಲಿ ಮಾಡಿಸಿದನು. ಪಿಯಾನೊ ಎಂದೇ ಅದಕ್ಕೆ ಹೆಸರು ಬಿದ್ದಿತು, ಗಣಕಯಂತ್ರದ ಪೂರ್ವಜರಲ್ಲಿ ಅದನ್ನು ಎಣಿಸುತ್ತಾರೆ.

1871ರಲ್ಲಿ ಅರ್ಥಶಾಸ್ತ್ರದ ಸಿದ್ಧಾಂತವೆಂಬ ಅವನ ಗ್ರಂಥ ಹೊರಬಂದಿತು. ಒಟ್ಟು ಉಪಯುಕ್ತತೆ ಬೇರೆ, ಅದರ ಕೊನೆಯ ಪ್ರಮಾಣ ಬೇರೆ ಎಂಬುದನ್ನು ಅಲ್ಲಿ ಗೆರೆ ಎಳೆದು ತೋರಿಸಿದನು. ಸೀಮಾಂತವೆಂಬ ಪದ ಅವನದಲ್ಲ, ಅವನ ತರುವಾಯದವರದು. ಕಾಲ ಪಕ್ವವಾಗಿತ್ತೆಂದು ತೋರುತ್ತದೆ: ಅದೇ ವರ್ಷ ವಿಯನ್ನಾದಲ್ಲಿ ಕಾರ್ಲ್ ಮೆಂಗರ್, ಮೂರು ವರ್ಷಗಳಲ್ಲಿ ಲೋಸಾನ್‌ನಲ್ಲಿ ಲಿಯೋನ್ ವಾಲ್ರಾಸ್, ಒಬ್ಬರನ್ನೊಬ್ಬರು ಅರಿಯದೆ ಅದನ್ನೇ ಹೇಳಿದರು. ಆ ಗ್ರಂಥದಲ್ಲಿ ದುಡಿಮೆಯ ಮೇಲೂ ಒಂದು ಅಧ್ಯಾಯವಿದೆ. ದುಡಿಯುತ್ತ ಹೋದಂತೆ ದಣಿವು ಏರುತ್ತದೆ, ದುಡಿದು ತಂದುದರ ಸವಿ ಇಳಿಯುತ್ತದೆ. ಎರಡೂ ಸಮವಾದ ಗಳಿಗೆಯಲ್ಲಿ ಬುದ್ಧಿವಂತನು ಕೆಲಸ ನಿಲ್ಲಿಸುತ್ತಾನೆ. ಬರೆದವನು ನಿಲ್ಲಿಸಲಿಲ್ಲ. ನಿದ್ರೆ ಕೆಟ್ಟಿತು, ತಲೆ ಓಡದಾಯಿತು, ವೈದ್ಯರು ಎಚ್ಚರಿಸಿದರು. 1876ರಲ್ಲಿ ಲಂಡನ್ನಿನ ತನ್ನ ಹಳೆಯ ಕಾಲೇಜಿಗೆ ಪ್ರಾಧ್ಯಾಪಕನಾಗಿ ಹೋದವನು 1880ರಲ್ಲಿ ಆರೋಗ್ಯ ಸಾಲದೆ, ಬರೆವಣಿಗೆಗೆ ಬಿಡುವೂ ಬೇಕಾಗಿ, ರಾಜೀನಾಮೆ ಕೊಡಬೇಕಾಯಿತು. ಕಾಗದದ ವಿಷಯದಲ್ಲಿಯೂ ಹಾಗೆಯೇ. ಮುಂದೆ ಕಾಗದ ಸಿಕ್ಕದೆ ಹೋದೀತೆಂದು ಬರೆಯುವ ಮತ್ತು ಕಟ್ಟುವ ಕಾಗದಗಳನ್ನು ರಾಶಿರಾಶಿಯಾಗಿ ಕೂಡಿಹಾಕಿದ್ದನು. ಅವನು ಸತ್ತು ಐವತ್ತು ವರ್ಷಗಳಾದರೂ ಮಕ್ಕಳಿಗೆ ಅದನ್ನು ಮುಗಿಸಲಾಗಿರಲಿಲ್ಲವೆಂದು ಕೇನ್ಸ್ ಬರೆದಿದ್ದಾನೆ. ಕಡೆಯ ಹಾಳೆಯ ಬೆಲೆ ಸೊನ್ನೆಯೆಂದು ಲೋಕಕ್ಕೆ ತಿಳಿಸಿದವನ ಮನೆಯ ಕಥೆ ಇದು.

ಅವನ ಜೀವನದ ಈ ಕೊನೆಯ ಭಾಗದಲ್ಲಿಯೇ ನಮ್ಮ ನಾಡು ಅವನ ಕಣ್ಣಿಗೆ ಬಿದ್ದದ್ದು. ವ್ಯಾಪಾರದ ಮುಗ್ಗಟ್ಟುಗಳು ಸುಮಾರು ಹತ್ತು ವರ್ಷಗಳಿಗೊಮ್ಮೆ ಬರುವುದನ್ನು ಕಂಡು, ಸೂರ್ಯನ ಮೇಲಿನ ಕಲೆಗಳು ಹೆಚ್ಚಿ ತಗ್ಗುವ ಅವಧಿಗೂ ಇದಕ್ಕೂ ನಂಟಿದೆಯೆಂದು ಅವನು ನಂಬಿದನು. ಸೂರ್ಯ ಮಂಕಾದರೆ ಭಾರತದಲ್ಲಿ ಮಳೆ ಬೆಳೆ ತಪ್ಪುತ್ತದೆ, ಧಾನ್ಯ ತುಟ್ಟಿಯಾಗುತ್ತದೆ, ಧಾನ್ಯಕ್ಕೆ ಹಣ ತೆತ್ತವನ ಬಳಿ ಮ್ಯಾಂಚೆಸ್ಟರಿನ ಬಟ್ಟೆಗೆ ಹಣ ಉಳಿಯುವುದಿಲ್ಲ, ಅಲ್ಲಿಯ ಗಿರಣಿ ನಿಲ್ಲುತ್ತದೆ: ಇದು 1878ರಲ್ಲಿ ಅವನು ಮುಂದಿಟ್ಟ ಸರಪಣಿ. ದೆಹಲಿಯ ಗೋಧಿಯ ಹಳೆಯ ಬೆಲೆಗಳನ್ನು ತರಿಸಿ ಲೆಕ್ಕ ಹಾಕಿದನು. ಕಲೆಗಳ ಅವಧಿ ಹತ್ತೂವರೆ ವರ್ಷವೆಂದು ಹಿಡಿದರೆ ಲೆಕ್ಕ ಕೂಡುತ್ತಿತ್ತು. ಅದು ಸುಮಾರು ಹನ್ನೊಂದೆಂದು ಖಗೋಳಜ್ಞರು ನಿಶ್ಚಯಿಸಿದ ಮೇಲೆ ಕೂಡಲಿಲ್ಲ. ಜನ ನಕ್ಕರು.

ನಗುವುದು ಸುಲಭ. ನಮಗೆ ಇಲ್ಲಿ ಮುಖ್ಯವಾದದ್ದು ಬೇರೆ. ಅವನು ಈ ಸರಪಣಿಯನ್ನು ಹೆಣೆಯುತ್ತಿದ್ದಾಗ ಮೈಸೂರು ಸೀಮೆಯಲ್ಲಿ ಧಾತು ಈಶ್ವರ ಸಂವತ್ಸರಗಳ ಬರ ತಾಂಡವವಾಡುತ್ತಿತ್ತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷವನ್ನೂ ಮುಟ್ಟಲಿಲ್ಲ. ಬೆಂಗಳೂರಿನ ಸುತ್ತಣ ಈ ರಾಗಿಯ ಸೀಮೆಯಲ್ಲಿ, ಜೀವನದಿಯಿಲ್ಲದೆ ಮಳೆಯನ್ನೂ ಕೆರೆಯನ್ನೂ ನಂಬಿದ ಹಳ್ಳಿಗಳಲ್ಲಿ, ಏನು ನಡೆದಿರಬೇಕೆಂಬುದನ್ನು ಜೆವನ್ಸನ ನಿಯಮವೇ ನಮಗೆ ಹೇಳಬಲ್ಲದು. ರಾಗಿ ಕಡಿಮೆಯಾದಂತೆ ಕಡೆಯ ಸೇರಿನ ತುಷ್ಟಿಗುಣ ಮುಗಿಲಿಗೇರುತ್ತದೆ. ಸಂಸಾರದ ಕೈಯಲ್ಲಿದ್ದ ಹಣವೆಲ್ಲ ಅದರ ಬೆನ್ನು ಹತ್ತುತ್ತದೆ. ಮೊದಲು ಬಿಡುವುದು ಹೊಸ ಬಟ್ಟೆಯನ್ನು. ರಾಗಿ ಅತಿ ತುಟ್ಟಿಯಾದ ದಿನವೇ ನೇಕಾರನ ಸೀರೆ ಬಿಕರಿಯಾಗದೆ ಉಳಿಯುತ್ತದೆ. ಹೊಲವಿಲ್ಲದ ಅವನು ಎರಡು ಕಡೆಯಿಂದಲೂ ಪೆಟ್ಟು ತಿನ್ನುತ್ತಾನೆ: ಕೊಳ್ಳುವುದು ಏರಿತು, ಮಾರುವುದು ನಿಂತಿತು. ದೊಡ್ಡಬಳ್ಳಾಪುರದಂಥ ಮಗ್ಗದ ಊರಿನಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲ್ಯಾಂಕಾಶೈರಿನ ಮಗ್ಗ ನಿಂತದ್ದನ್ನು ಕಂಡವನು, ಅದೇ ತರ್ಕದ ಒಂದು ಹೆಜ್ಜೆ ಈಚೆಗೆ ನಿಂತ ಇಲ್ಲಿಯ ಮಗ್ಗವನ್ನು ಕಾಣಲಿಲ್ಲ. ಬಹುಕಾಲ ಮ್ಯಾಂಚೆಸ್ಟರಿನಲ್ಲಿ ಬಾಳಿದವನಿಗೆ ಭಾರತವು ಗಿರಾಕಿಯಾಗಿಯೇ ತೋರಿತು. ಇದು ಅವನ ಕಾಲದ ದೋಷವೆನ್ನಬಹುದು, ಆದರೆ ದೋಷವಲ್ಲವೆನ್ನಲಾಗದು.

ಇದಕ್ಕಿಂತ ಆಳವಾದ ತೊಡಕೊಂದಿದೆ. ಒಬ್ಬನ ಮನಸ್ಸಿನ ತೃಪ್ತಿಯನ್ನು ಇನ್ನೊಬ್ಬನ ತೃಪ್ತಿಯೊಡನೆ ಹೋಲಿಸಲಾಗದೆಂದು ಜೆವನ್ಸನು ಕಟ್ಟುನಿಟ್ಟಾಗಿ ಹೇಳಿದ್ದನು. ಹಾಗಿದ್ದರೆ ಸಾಹುಕಾರನ ಕಣಜದ ಕಡೆಯ ಪಲ್ಲಕ್ಕಿಂತ ಹಸಿದವನ ಮೊದಲ ಮುದ್ದೆ ದೊಡ್ಡದೆಂದು ಶಾಸ್ತ್ರ ಹೇಳಲಾರದು. ಸಂತೆಯೂ ಹೇಳಲಾರದು, ಏಕೆಂದರೆ ಅಲ್ಲಿ ಕೂಗುವುದು ಹಸಿವಲ್ಲ, ಹಣ. ಹಣಕ್ಕೂ ಇದೇ ನಿಯಮವನ್ನು ಹಚ್ಚಿ, ಬಡವನ ರೂಪಾಯಿ ಸಿರಿವಂತನ ರೂಪಾಯಿಗಿಂತ ತೂಕವುಳ್ಳದ್ದೆಂದು ಮುಂದೆ ಕೇಂಬ್ರಿಜ್‌ನ ಪಿಗೂ ಮೊದಲಾದವರು ವಾದಿಸಿದರು. ತೆರಿಗೆಯ ಶಾಸ್ತ್ರಕ್ಕೆ ಅದು ಒಂದು ಕಂಬವಾಯಿತು. ಜೆವನ್ಸನು ತಕ್ಕಡಿಯನ್ನು ಮಾಡಿಟ್ಟು, ಎರಡು ಮನೆಗಳ ನಡುವೆ ಅದನ್ನು ಹಿಡಿಯಲು ಹಿಂಜರಿದನು. ತಿಳಿಯದ್ದನ್ನು ತಿಳಿದೆನೆನ್ನದ ವಿಜ್ಞಾನಿಯ ಸಂಯಮ ಅದರಲ್ಲಿದೆ. ಆದರೂ ಧಾತು ಈಶ್ವರದ ಬರವನ್ನು ಬಲ್ಲ ನಾಡಿನವರಿಗೆ ಆ ಸಂಯಮ ಪೂರ್ತಿ ಒಪ್ಪುವುದು ಕಷ್ಟ.

ಅವನ ಪ್ರಾಮಾಣಿಕತೆಗಾದರೋ ಎರಡು ಮಾತಿಲ್ಲ. 1878ರಲ್ಲಿ, ಮ್ಯಾಂಚೆಸ್ಟರಿನಲ್ಲಿ ಅವನ ಸ್ಥಾನಕ್ಕೆ ಬಂದಿದ್ದ ಆಡಮ್ಸನ್ ಎಂಬುವನು ಒಂದು ಹಳೆಯ ಜರ್ಮನ್ ಪುಸ್ತಕವನ್ನು ಪತ್ತೆಮಾಡಿದನು. ಅದನ್ನು ಬರೆದ ಹರ್ಮನ್ ಹೈನ್ರಿಖ್ ಗೊಸ್ಸೆನ್ ಪ್ರಷ್ಯದ ಸರ್ಕಾರಿ ನೌಕರ. ಕೋಪರ್ನಿಕಸನು ಖಗೋಳಕ್ಕೆ ಮಾಡಿದ್ದನ್ನು ತಾನು ಅರ್ಥಶಾಸ್ತ್ರಕ್ಕೆ ಮಾಡಿದೆನೆಂದು ನಂಬಿ ಅವನು 1854ರಲ್ಲಿ ಗ್ರಂಥವನ್ನು ಪ್ರಕಟಿಸಿದ್ದನು. ಕೊಳ್ಳುವವರಿಲ್ಲದೆ ಉಳಿದ ಪ್ರತಿಗಳನ್ನು ಹಿಂದಕ್ಕೆ ಪಡೆದು 1858ರಲ್ಲಿ ಕಣ್ಣು ಮುಚ್ಚಿದ್ದನು. ತೃಪ್ತಿ ಇಳಿಯುವ ನಿಯಮವೂ, ಕೊನೆಯ ತೃಪ್ತಿಗಳು ಸಮವಾಗುವ ನಿಯಮವೂ ಅದರಲ್ಲಿ ಸ್ಪಷ್ಟವಾಗಿದ್ದವು. ತನ್ನ ಬಾಳಿನ ಸಾಧನೆಯೆಂದು ಕಾಪಾಡಿಕೊಂಡದ್ದು ತನಗಿಂತ ಮೊದಲು ಇನ್ನೊಬ್ಬನದಾಗಿತ್ತೆಂದು ತಿಳಿದಾಗ ಮನುಷ್ಯನು ಏನು ಮಾಡುತ್ತಾನೆ? ಮುಚ್ಚಿಡಬಹುದಾಗಿತ್ತು; ಇಂಗ್ಲೆಂಡಿನಲ್ಲಿ ಆ ಪುಸ್ತಕವನ್ನು ಕಂಡವರು ತೀರ ವಿರಳ. ಜೆವನ್ಸನು 1879ರ ಎರಡನೆಯ ಮುದ್ರಣದ ಮುನ್ನುಡಿಯಲ್ಲಿ ಗೊಸ್ಸೆನ್ನನ ಗ್ರಂಥವನ್ನು ವಿಸ್ತಾರವಾಗಿ ಪರಿಚಯಿಸಿ, ಮೊದಲಿಗನ ಗೌರವವನ್ನು ಅವನಿಗೆ ಒಪ್ಪಿಸಿದನು. ಗೊಸ್ಸೆನ್ನನ ಹೆಸರು ಇಂದು ಲೋಕದಲ್ಲಿ ಉಳಿದಿರುವುದು ಬಹುಮಟ್ಟಿಗೆ ಆ ಮುನ್ನುಡಿಯಿಂದ. ನಮ್ಮ ಪಠ್ಯಪುಸ್ತಕಗಳು ಆ ನಿಯಮವನ್ನು ಗೊಸ್ಸೆನ್ನನ ಮೊದಲ ನಿಯಮವೆಂದು ಕರೆಯುವಾಗ ಜೆವನ್ಸನು ಬಿಟ್ಟುಕೊಟ್ಟದ್ದನ್ನೇ ಓದುತ್ತಿರುತ್ತವೆ.

1882ರ ಬೇಸಗೆಯಲ್ಲಿ ಅವನು ಸಂಸಾರದೊಡನೆ ಹೇಸ್ಟಿಂಗ್ಸ್ ಬಳಿಯ ಕಡಲತೀರಕ್ಕೆ ಹೋಗಿದ್ದನು. ಅರ್ಥಶಾಸ್ತ್ರದ ಒಂದು ಮಹಾಗ್ರಂಥ ಅರ್ಧದಲ್ಲಿತ್ತು. ಆಗಸ್ಟ್ 13ರಂದು ಒಬ್ಬನೇ ಈಜಲು ಇಳಿದವನು ಮುಳುಗಿ ತೀರಿಕೊಂಡನು. ವಯಸ್ಸು ನಲವತ್ತಾರು, ಮಕ್ಕಳು ಮೂವರೂ ಚಿಕ್ಕವರು. ಪತ್ನಿ ಹ್ಯಾರಿಯೆಟ್ ಅವನ ಪತ್ರಗಳನ್ನೂ ದಿನಚರಿಯನ್ನೂ ಜೋಡಿಸಿ 1886ರಲ್ಲಿ ಪ್ರಕಟಿಸಿದಳು.

ತಂದೆ ತೀರಿಕೊಂಡಾಗ ಆರು ವರ್ಷದವನಾಗಿದ್ದ ಮಗ ಹರ್ಬರ್ಟ್ ಸ್ಟ್ಯಾನ್ಲಿ ಜೆವನ್ಸ್ ತಂದೆಯಂತೆ ಅರ್ಥಶಾಸ್ತ್ರವನ್ನೇ ಹಿಡಿದನು. ತಂದೆ ಅಂಕಿಗಳಲ್ಲಿ ಮಾತ್ರ ಕಂಡಿದ್ದ ಭಾರತಕ್ಕೆ ಅವನು 1914ರಲ್ಲಿ ಅಲಹಾಬಾದ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾಗಿ ಬಂದನು. ನಮ್ಮ ದೇಶದ ಅರ್ಥಶಾಸ್ತ್ರಜ್ಞರು ಬರೆಯುತ್ತ ಬಂದಿರುವ ಇಂಡಿಯನ್ ಜರ್ನಲ್ ಆಫ್ ಎಕನಾಮಿಕ್ಸ್ ಪತ್ರಿಕೆಯನ್ನು 1916ರಲ್ಲಿ ಅಲ್ಲಿಂದ ಹೊರಡಿಸಿದವನು ಅವನೇ.